ಹಿತ್ತಲಿನ ಹಳೇ ಸೈಡರ್ ಮನೆ: ಮಣ್ಣಿನ ಗೋಡೆ ತೇವ ಹಿಡಿದಿದೆ, ಒಳಗೆ ಕಲ್ಲಿನ ಗಾಣ ಇದೆ, ಏನು ಮಾಡಲಿ?

ಶಿರಸಿ_ಟು_ಡೆವನ್

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದದ ಪ್ರಶ್ನೆ, ಸಹಿಸಿಕೊಳ್ಳಿ.

ಇಂಗ್ಲೆಂಡಿನ ಡೆವನ್‌ನಲ್ಲಿ, ಕ್ರೆಡಿಟನ್ ಹತ್ತಿರದ ಹಳ್ಳಿಯೊಂದರಲ್ಲಿ ನಾವು ಹಳೇ ರೈತರ ಮನೆಯೊಂದನ್ನು ತಗೊಂಡು ಎರಡು ವರ್ಷ ಆಯ್ತು. ಮನೆ ಗ್ರೇಡ್ 2 ಪಟ್ಟಿಯಲ್ಲಿದೆ, ಅಂದರೆ ಕಾನೂನಿನ ರಕ್ಷಣೆ ಇರುವ ಹಳೇ ಕಟ್ಟಡಗಳ ಪಟ್ಟಿಯಲ್ಲಿ. ಹಿತ್ತಲಲ್ಲಿ ಇಳಿಜಾರಿಗೆ ಬೆನ್ನು ಕೊಟ್ಟು ನಿಂತ ಕಟ್ಟಡ ಒಂದಿದೆ. ಇಷ್ಟು ದಿನ ನಾನು ಅದನ್ನು ದನದ ಕೊಟ್ಟಿಗೆ ಅಂತಲೇ ತಿಳಿದಿದ್ದೆ. ಪಕ್ಕದ ಮನೆಯ ಅಜ್ಜ ಅದನ್ನು 'ಪೌಂಡ್ ಹೌಸ್' ಅಂತ ಕರೆಯುತ್ತಾರೆ. ಹಿಂದೆ ಯಾರೋ ಅಲ್ಲಿ ದುಡ್ಡು ಬಚ್ಚಿಟ್ಟಿದ್ದರೇನೋ ಅಂದುಕೊಂಡೆ. ಅಲ್ಲವಂತೆ, ಸೇಬು ಜಜ್ಜಿ ಸೈಡರ್ ಮಾಡುತ್ತಿದ್ದ ಮನೆಯಂತೆ. ಗೊತ್ತಿಲ್ಲದವರಿಗೆ: ಸೈಡರ್ ಅಂದರೆ ಸೇಬಿನ ರಸ ಹುಳಿ ಬಂದು ಆಗುವ ಹೆಂಡ.

ಗೋಡೆ ಪೂರ್ತಿ ಮಣ್ಣಿನದು, ಎರಡು ಅಡಿ ದಪ್ಪ, ಬುಡದಲ್ಲಿ ಮೊಣಕಾಲೆತ್ತರ ಕಲ್ಲು. ಹೊರಗೆ ಹಿಂದಿನ ಮಾಲೀಕರು ಸಿಮೆಂಟ್ ಗಾರೆ ಮಾಡಿಸಿದ್ದಾರೆ. ಈಗ ಒಳಗಡೆ ಬುಡದ ಹತ್ತಿರ ಕಪ್ಪಗೆ ತೇವ. ಬೆರಳು ಒತ್ತಿದರೆ ಗುರುತು ಬೀಳುತ್ತದೆ. ನೆಲದ ಮೇಲೆ ದೊಡ್ಡ ಉಂಗುರದ ಹಾಗೆ ಗ್ರಾನೈಟಿನ ದೋಣಿ ಇದೆ, ನಾಲ್ಕು ತುಂಡು ಸೇರಿಸಿ ಮಾಡಿದ್ದು. ಗಾಡಿ ಚಕ್ರದ ಹಾಗಿರುವ ಕಲ್ಲೊಂದು ಅದರೊಳಗೇ ವಾಲಿಕೊಂಡಿದೆ. ಮೇಲೆ ಅಟ್ಟ ಇದೆ, ಅಟ್ಟದ ಹಲಗೆಯಲ್ಲಿ ಚೌಕಾಕಾರದ ತೂತು. ಒಂದು ಮೂಲೆಯಲ್ಲಿ ಆನೆ ಕಟ್ಟುವಂಥ ತೊಲೆ, ಅದರ ಒಂದು ತುದಿ ಗೋಡೆಯೊಳಗೆ ಹೊಕ್ಕಿದೆ.

ಅಲ್ಲಿ ನನ್ನ ಆಫೀಸ್ ರೂಮ್ ಮಾಡಿಕೊಳ್ಳುವ ಆಸೆ. ಬಂದು ನೋಡಿದ ಕಂಟ್ರಾಕ್ಟರ್ ಹೇಳಿದ್ದು ಇಷ್ಟು: ಸಿಮೆಂಟಿನ ಬಿರುಕು ಮುಚ್ಚಿ ಮೇಲೊಂದು ವಾಟರ್‌ಪ್ರೂಫ್ ಪೇಂಟ್ ಹೊಡೆಯೋಣ, ಒಳಗಿನ ತೊಲೆ ಕೊಯ್ದು ತೆಗೆಯೋಣ, ದೋಣಿಯನ್ನು ಹೂಕುಂಡ ಮಾಡಿಕೊಳ್ಳೋರಿಗೆ ಮಾರಿಬಿಡಿ, ಒಳ್ಳೇ ರೇಟ್ ಬರುತ್ತೆ.

ಕೇಳಬೇಕಾದ್ದು: ಅಟ್ಟದ ತೂತು ಯಾಕೆ? ದೋಣಿಯ ಸಂದುಗಳಲ್ಲಿ ಬೂದು ಬಣ್ಣದ ಮೆತ್ತನೆ ಲೋಹ ಇದೆ, ಉಗುರಲ್ಲಿ ಗೀರಿದರೆ ಹೊಳೆಯುತ್ತದೆ, ಅದೇನು? ಗೋಡೆಗೆ ಏನು ಮಾಡಲಿ?

ಮಣ್ಣುಗೋಡೆ

ಮೊದಲು ಆ ವಾಟರ್‌ಪ್ರೂಫ್ ಪೇಂಟ್ ನಿಲ್ಲಿಸಿ ಮಾರಾಯರೆ. ಉಳಿದದ್ದು ಆಮೇಲೆ ಮಾತಾಡೋಣ.

ನಾನು ತೀರ್ಥಹಳ್ಳಿ ಕಡೆಯವನು, ಹತ್ತು ವರ್ಷದಿಂದ ಎಕ್ಸೆಟರ್‌ನಲ್ಲಿ ಹಳೇ ಕಟ್ಟಡಗಳ ರಿಪೇರಿ ಕೆಲಸ. ನಿಮ್ಮ ಗೋಡೆಗೆ ಇಲ್ಲಿ 'ಕಾಬ್' ಅನ್ನುತ್ತಾರೆ. ನಮ್ಮ ಕಡೆ ಮಣ್ಣು ತುಳಿದು ಮುದ್ದೆ ಇಟ್ಟು ಗೋಡೆ ಏರಿಸುತ್ತಿದ್ದರಲ್ಲ, ಹೆಚ್ಚು ಕಡಿಮೆ ಅದೇ. ಕ್ರೆಡಿಟನ್ ಸುತ್ತ ಮಣ್ಣು ಕೆಂಪು, ಮಳೆ ಬಂದ ದಿನ ನೋಡಿದರೆ ಊರ ನೆನಪಾಗುತ್ತದೆ. ಮೇಲ್ಮಣ್ಣು ತೆಗೆದು ಅದರ ಕೆಳಗಿನ ಜೇಡಿ ಅಗೆದು, ನೀರು ಹಾಕಿ, ಹುಲ್ಲು ಹರಡಿ, ಜನರೋ ಎತ್ತುಗಳೋ ತುಳಿದು ಹದ ಮಾಡುತ್ತಿದ್ದರು. ಕವೆಗೋಲಿನಲ್ಲಿ ಎತ್ತಿ ಕಲ್ಲಿನ ಪಾಯದ ಮೇಲೆ ಪೇರಿಸುವುದು, ನಿಂತು ಮೆಟ್ಟುವುದು. ಒಂದು ಸಲಕ್ಕೆ ಒಂದೂವರೆ ಎರಡು ಅಡಿ ಎತ್ತರ ಮಾತ್ರ. ಅದು ಗಟ್ಟಿಯಾಗುವ ತನಕ, ಅಂದರೆ ವಾರಗಟ್ಟಲೆ, ಕಾಯಬೇಕು. ಹೊರಗೆ ಉಬ್ಬಿದ್ದನ್ನು ಚೂಪು ಸನಿಕೆಯಿಂದ ಕೆತ್ತಿ ಸಮ ಮಾಡುವುದು. ಹೀಗೆ ಪದರ ಪದರ. ಗಾರೆ ಬಿದ್ದುಹೋದ ಜಾಗ ಇದ್ದರೆ ನೋಡಿ, ಈ ಪದರಗಳ ಗೆರೆ ಅಡ್ಡಡ್ಡ ಕಾಣುತ್ತದೆ. ಮೂಲೆಗಳೂ ಎಷ್ಟೋ ಕಡೆ ದುಂಡಗಿರುತ್ತವೆ. ಮಣ್ಣಿನ ಚೂಪು ಮೂಲೆ ಗಾಡಿ ತಾಗಿದರೆ ಉದುರಿಹೋಗುತ್ತದೆ, ಅದಕ್ಕೆ.

ಇಲ್ಲಿಯ ಹಳಬರು ಒಂದು ಮಾತು ಹೇಳುತ್ತಾರೆ, ಕಾಬ್ ಗೋಡೆಗೆ ಒಳ್ಳೇ ಟೋಪಿ ಮತ್ತು ಒಳ್ಳೇ ಬೂಟು ಇದ್ದರೆ ಸಾಕು ಅಂತ. ಟೋಪಿ ಅಂದರೆ ಮುಂದಕ್ಕೆ ಚಾಚಿದ ಹುಲ್ಲಿನ ಮಾಡು, ಬೂಟು ಅಂದರೆ ಕಲ್ಲಿನ ಬುಡ. ನಡುವಿನ ಗೋಡೆ ಮಳೆಯಲ್ಲಿ ನೆನೆದರೂ ಚಿಂತೆ ಇಲ್ಲ, ಬಿಸಿಲು ಗಾಳಿಗೆ ಒಣಗಿಕೊಳ್ಳುತ್ತದೆ. ಸುಣ್ಣದ ಗಾರೆ, ಸುಣ್ಣದ ಬಳಿತ ಇದ್ದಾಗ ಒಳಗಿನ ತೇವ ಹೊರಗೆ ಹೋಗುತ್ತದೆ. ಸಿಮೆಂಟು ಹೋಗಲು ಬಿಡುವುದಿಲ್ಲ. ಸಿಮೆಂಟಿನಲ್ಲಿ ಕೂದಲೆಳೆಯ ಬಿರುಕು ಬಂದೇ ಬರುತ್ತದೆ, ಅದರಲ್ಲಿ ನೀರು ಒಳಗೆ ಹೋಗುತ್ತದೆ, ವಾಪಸ್ ಬರುವ ದಾರಿ ಇಲ್ಲ, ಇಳಿದು ಇಳಿದು ಕಲ್ಲಿನ ಬುಡದ ಮೇಲೆ ನಿಲ್ಲುತ್ತದೆ, ಅಲ್ಲಿ ಮಣ್ಣು ಮತ್ತೆ ಕೆಸರಾಗುತ್ತದೆ. ನಿಮ್ಮ ಬೆರಳಿನ ಗುರುತು ಬಿದ್ದದ್ದು ಅದೇ ಜಾಗದಲ್ಲಿ. ಮೇಲಿನ ಅಷ್ಟೂ ಭಾರ ಆ ಕೆಸರಿನ ಮೇಲೆ ಕೂತಿದೆ. ಹೀಗೇ ಬಿಟ್ಟರೆ ಒಂದು ದಿನ ಕುಸಿದು ಕೂರುತ್ತದೆ. ನಾನು ಕಣ್ಣಾರೆ ಒಂದು ನೋಡಿದ್ದೇನೆ. ರಾತ್ರಿ ಮಲಗುವಾಗ ಗೋಡೆ ಇತ್ತು, ಬೆಳಿಗ್ಗೆ ಸಿಮೆಂಟಿನ ಸಿಪ್ಪೆ ಒಂದು ಕಡೆ, ಮಣ್ಣಿನ ಗುಡ್ಡೆ ಇನ್ನೊಂದು ಕಡೆ.

ಆದರೆ ಗಾಬರಿಯಲ್ಲಿ ಎಲ್ಲಾ ಸಿಮೆಂಟನ್ನು ಒಂದೇ ದಿನ ಕಿತ್ತುಹಾಕಬೇಡಿ. ಕೆಲವು ಸಲ ಆ ಸಿಪ್ಪೆಯೇ ಗೋಡೆಯನ್ನು ಹಿಡಿದು ನಿಲ್ಲಿಸಿರುತ್ತದೆ. ಮೊದಲು ಗಟ್ಟಿ ಮರದಿಂದ ತಟ್ಟಿ ನೋಡಿ, ಎಲ್ಲಿ ಡೊಳ್ಳಿನ ಹಾಗೆ ಸದ್ದು ಬರುತ್ತದೋ ಅಲ್ಲಿ ಗುರುತು ಮಾಡಿ. ಹೊರಗೆ ನೆಲ ಏರಿ ಕಲ್ಲಿನ ಬುಡ ಹೂತುಹೋಗಿದೆಯಾ ನೋಡಿ, ಇಳಿಜಾರಿನ ಕಡೆ ಹೂತಿರುತ್ತದೆ ಅಂತ ಬೆಟ್ ಕಟ್ಟುತ್ತೇನೆ. ಆ ಮಣ್ಣು ತೆಗೆಸಿ. ಮಾಡಿನ ನೀರು ಎಲ್ಲಿ ಬೀಳುತ್ತಿದೆ ನೋಡಿ. ಕಾಬ್ ಗೊತ್ತಿರುವ ಎಂಜಿನಿಯರ್ ಒಬ್ಬರನ್ನು ಕರೆಸಿ, ಅವರು ಹೇಳಿದ ಮೇಲೆ ಆಸರೆ ಕೊಟ್ಟು, ಸ್ವಲ್ಪ ಸ್ವಲ್ಪವಾಗಿ, ಬೇಸಿಗೆಯಲ್ಲಿ ಸಿಮೆಂಟ್ ಬಿಡಿಸಬೇಕು. ಸುಣ್ಣದ ಕೆಲಸಕ್ಕೂ ಹಿಮ ಬೀಳುವ ಕಾಲ ಆಗುವುದಿಲ್ಲ.

ಇನ್ನೊಂದು, ಕಾನೂನು. ನಿಮ್ಮ ಮನೆ ಪಟ್ಟಿಯಲ್ಲಿದೆ ಅಂದಿರಿ. 1948ರ ಜುಲೈ 1ಕ್ಕಿಂತ ಮುಂಚೆಯಿಂದ ಅದೇ ಹಿತ್ತಲಲ್ಲಿ ಮನೆಯ ಜೊತೆಗೇ ಇರುವ ಕಟ್ಟಡಗಳೂ ಸಾಮಾನ್ಯವಾಗಿ ಪಟ್ಟಿಯೊಳಗೇ ಲೆಕ್ಕ. ಒಪ್ಪಿಗೆ ಇಲ್ಲದೆ ತೊಲೆ ಕೊಯ್ದರೆ, ನೆಲಕ್ಕೆ ಕೂತ ದೋಣಿ ಎತ್ತಿ ಮಾರಿದರೆ ಅದು ಅಪರಾಧ ಆಗಬಹುದು, ಮತ್ತು ಕೇಸು ಬೀಳುವುದು ಕಂಟ್ರಾಕ್ಟರ್ ಮೇಲೆ ಮಾತ್ರ ಅಲ್ಲ. ಕೌನ್ಸಿಲ್‌ನ ಕನ್ಸರ್ವೇಶನ್ ಆಫೀಸರ್‌ಗೆ ಮೊದಲೇ ಫೋನ್ ಮಾಡಿ. ವಿಲಿಯಂ ಮಾರಿಸ್ 1877ರಲ್ಲಿ ಶುರು ಮಾಡಿದ ಹಳೇ ಕಟ್ಟಡಗಳ ಸಂಘ ಒಂದಿದೆ, ಎಸ್‌ಪಿಎಬಿ ಅಂತ, ಅವರೂ ಫೋನಿನಲ್ಲಿ ಸಲಹೆ ಕೊಡುತ್ತಾರೆ. ಅಟ್ಟದಲ್ಲಿ ಬಾವಲಿ ಇದೆಯಾ ಅಂತಲೂ ನೋಡಿ. ಇದ್ದರೆ ಅದಕ್ಕೂ ಬೇರೆ ಕಾನೂನು.

ಹೆರೆಫರ್ಡ್_ಹೈದ

ಅಯ್ಯೋ ಮಾರಬೇಡಿ! ಅದು ಕೋಣನ ಗಾಣ ಸ್ವಾಮಿ. ಶಿರಸಿಯವರಾಗಿ ನೀವೇ ಕೇಳ್ತೀರಲ್ಲ. ಆಲೆಮನೆಯಲ್ಲಿ ಕೋಣ ಸುತ್ತುತ್ತದೆ, ಇಲ್ಲಿ ಕುದುರೆ ಸುತ್ತುತ್ತಿತ್ತು, ಅಷ್ಟೇ ವ್ಯತ್ಯಾಸ. ಅಲ್ಲ, ಇನ್ನೂ ಒಂದಿದೆ. ನಮ್ಮಲ್ಲಿ ಕಬ್ಬು ಗಾಣಕ್ಕೆ ಕೊಟ್ಟರೆ ಹಾಲು ಅಲ್ಲೇ ಬರುತ್ತದೆ. ಸೇಬಿಗೆ ಎರಡು ಕೆಲಸ, ಮೊದಲು ಅರೆಯಬೇಕು, ಆಮೇಲೆ ಹಿಂಡಬೇಕು. ಅದಕ್ಕೇ ಒಂದೇ ಮನೆಯಲ್ಲಿ ಕಲ್ಲಿನ ಗಾಣವೂ ಬೇಕು, ತೊಲೆಯ ಪ್ರೆಸ್ಸೂ ಬೇಕು.

ಈಗ ನಿಮ್ಮ ತೂತಿಗೆ ಬರೋಣ. ಸೇಬನ್ನು ಕಿತ್ತ ದಿನವೇ ಅರೆಯುವುದಿಲ್ಲ, ಕೆಲವು ವಾರ ರಾಶಿ ಹಾಕಿ ಮೆತ್ತಗಾಗಲು ಬಿಡುತ್ತಾರೆ. ನಮ್ಮ ಹೆರೆಫರ್ಡ್‌ಶೈರ್ ಕಡೆ ತೋಟದಲ್ಲೇ ಗುಡ್ಡೆ ಹಾಕುತ್ತಿದ್ದರು. ಡೆವನ್‌ನಲ್ಲಿ ಅಟ್ಟಕ್ಕೆ ಏರಿಸುತ್ತಿದ್ದರು, ಆ ಅಟ್ಟಕ್ಕೆ 'ಟ್ಯಾಲೆಟ್' ಅಂತ ಹೆಸರು. ನಿಮ್ಮ ಕಟ್ಟಡ ಇಳಿಜಾರಿಗೆ ಒರಗಿದೆ ಅಂದಿರಲ್ಲ, ಗುಡ್ಡದ ಕಡೆಯಿಂದ ಅಟ್ಟಕ್ಕೆ ನೇರ ಒಂದು ಬಾಗಿಲು ಇರಬೇಕು, ಮುಚ್ಚಿದ್ದರೂ ಗುರುತು ಸಿಗುತ್ತದೆ. ಗಾಡಿ ಮೇಲಿನ ದಾರಿಯಲ್ಲಿ ಬಂದು ಅಲ್ಲೇ ಸುರಿದರೆ ಯಾರೂ ಮೂಟೆ ಹೊತ್ತು ಮೆಟ್ಟಿಲು ಹತ್ತಬೇಕಿಲ್ಲ. ಅಟ್ಟದಿಂದ ಕೆಳಗೆ ಗಾಣಕ್ಕೆ ತಳ್ಳುವ ದಾರಿ ಆ ತೂತು. ಕೆಳಗೆ ಅರೆದದ್ದು ಪಕ್ಕದ ಪ್ರೆಸ್ಸಿಗೆ, ಪ್ರೆಸ್ಸಿನ ರಸ ತೊಟ್ಟಿಗೆ, ತೊಟ್ಟಿಯಿಂದ ಪೀಪಾಯಿಗೆ. ಮೇಲಿಂದ ಕೆಳಗೆ ಇಳಿಯುವ ಹಾಗೆ ಇಡೀ ಮನೆಯನ್ನು ಯೋಚಿಸಿ ಕಟ್ಟಿದ್ದಾರೆ.

ಗಾಣದ ದೋಣಿ ಸಾಮಾನ್ಯವಾಗಿ ಎಂಟು ಹತ್ತು ಅಡಿ ಅಗಲ, ಓಡುವ ಕಲ್ಲು ನಾಲ್ಕು ಅಡಿ ಎತ್ತರ, ಟನ್ ಹತ್ತಿರ ತೂಕ. ಕುದುರೆ ದೋಣಿಯ ಹೊರಗೆ ಸುತ್ತುವುದು. ಹಾಗಾಗಿ ಸುತ್ತಲೂ ಒಂದು ಗಜ ಜಾಗ ಬೇಕು, ಮಧ್ಯದಲ್ಲಿ ಕಂಬ ಬರಬಾರದು. ಕೋಣೆಯ ಅಳತೆ ನಿಂತಿರುವುದೇ ಕುದುರೆಯ ಸುತ್ತಿನ ಮೇಲೆ. ಟೇಪ್ ಹಿಡಿದು ನೋಡಿ, ಗೊತ್ತಾಗುತ್ತದೆ. ನೆಲದಲ್ಲಿ ಕುದುರೆ ನಡೆದ ಪಟ್ಟಿ ಸವೆದು ತಗ್ಗಾಗಿದ್ದರೂ ಆಶ್ಚರ್ಯ ಇಲ್ಲ. ಹಿಂದಿನಿಂದ ಒಬ್ಬ ಹುಡುಗ ಮರದ ಸಟ್ಟುಗದಂಥದ್ದರಲ್ಲಿ ಬದಿಗೆ ಹತ್ತಿದ್ದನ್ನು ಮತ್ತೆ ಕಲ್ಲಿನಡಿಗೆ ತಳ್ಳುತ್ತಾ ನಡೆಯುತ್ತಿದ್ದ. ಬೀಜ ಕೂಡ ನುರಿಯಬೇಕು, ಆಗಲೇ ರುಚಿ ಅಂತ ಹಳಬರ ನಂಬಿಕೆ.

ಪ್ರೆಸ್ ನನಗೆ ತುಂಬಾ ಇಷ್ಟದ ಭಾಗ. ನಮ್ಮ ಕಡೆ ಕುದುರೆ ಕೂದಲಿನಿಂದ ನೇಯ್ದ ಬಟ್ಟೆಯಲ್ಲಿ ಅರೆದ ಸೇಬನ್ನು ಮಡಚಿ, ಹಾಸಿಗೆ ಮೇಲೆ ಹಾಸಿಗೆ ಇಟ್ಟ ಹಾಗೆ ಪೇರಿಸುತ್ತಿದ್ದರು. ಡೆವನ್, ಸಾಮರ್‌ಸೆಟ್ ಕಡೆ ಬಟ್ಟೆ ಇಲ್ಲ, ಹುಲ್ಲು. ಒಂದು ಪದರ ಹುಲ್ಲು ಹಾಸಿ, ಅದರ ಮೇಲೆ ಸೇಬು, ಹೊರಗೆ ಚಾಚಿದ ಹುಲ್ಲಿನ ತುದಿಯನ್ನು ಒಳಗೆ ಮಡಚಿ, ಮತ್ತೆ ಹುಲ್ಲು ಅಡ್ಡಕ್ಕೆ. ಈ ರಾಶಿಗೆ 'ಚೀಸ್' ಅಂತ ಹೆಸರು, ತಿನ್ನುವ ಚೀಸಿಗೂ ಇದಕ್ಕೂ ಸಂಬಂಧ ಇಲ್ಲ. ತಿರುಪು ಬಿಗಿದಂತೆ ರಸ ಹುಲ್ಲಿನ ಸಂದಿನಿಂದ ಸುರಿಯುತ್ತದೆ. ನಿಂತ ಮೇಲೆ ದೊಡ್ಡ ಕತ್ತಿಯಿಂದ ನಾಲ್ಕೂ ಅಂಚು ಕೊಯ್ದು, ಕೊಯ್ದದ್ದನ್ನು ಮೇಲೆ ಹಾಕಿ ಮತ್ತೆ ಬಿಗಿಯುವುದು. ಅಂಚಿನಲ್ಲಿ ಒತ್ತಡ ಕಮ್ಮಿ, ರಸ ಉಳಿದಿರುತ್ತದಲ್ಲ. ಕೊನೆಗೆ ಉಳಿದ ಹಿಂಡಿ ಹಂದಿಗೆ, ದನಕ್ಕೆ. ಗೋಡೆಗೆ ಹೊಕ್ಕ ನಿಮ್ಮ ತೊಲೆ ಈ ಪ್ರೆಸ್ಸಿನದೇ ಇರಬೇಕು. ತಿರುಪು ಬಿಗಿದಾಗ ಬರುವ ಒತ್ತಡ ತಡೆಯಲು ಅದಕ್ಕೆ ಗೋಡೆಯ ಭಾರ ಬೇಕು. ಈಗ ಅದನ್ನು ಕೊಯ್ದರೆ ಗೋಡೆಗೇ ಏನಾಗುತ್ತದೋ, ಮಣ್ಣುಗೋಡೆಯವರು ಹೇಳಲಿ.

ಪೀಪಾಯಿ ಇಡುವ ಕೋಣೆ ತಂಪಾಗಿರಬೇಕು, ರಸ ನಿಧಾನಕ್ಕೆ ಹುದುಗಬೇಕು. ಎರಡು ಅಡಿ ಮಣ್ಣಿನ ಗೋಡೆಗಿಂತ ಒಳ್ಳೇ ಫ್ರಿಜ್ ಯಾವುದಿದೆ? ಹೆರೆಫರ್ಡ್‌ಶೈರ್‌ನಲ್ಲಿ ಕಾಬ್ ಕಮ್ಮಿ. ಓಕ್ ಮರದ ಚೌಕಟ್ಟು, ನಡುವೆ ಕಡ್ಡಿ ಹೆಣೆದು ಮಣ್ಣು ಮೆತ್ತಿದ್ದು ಅಥವಾ ಇಟ್ಟಿಗೆ, ಇಲ್ಲವಾದರೆ ಕೆಂಪು ಮರಳುಗಲ್ಲು. ಕಿಟಕಿಗೆ ಗಾಜು ಇಲ್ಲದೆ ಬರೀ ಪಟ್ಟಿ ಇರುವುದೂ ಉಂಟು, ಗಾಳಿಯಾಡಲಿ ಅಂತ.

ಇಷ್ಟೆಲ್ಲ ಮನೆಗಳು ಯಾಕಿದ್ದವು ಅಂದರೆ, ಕೂಲಿಯ ಒಂದು ಪಾಲನ್ನು ಸೈಡರ್‌ನಲ್ಲೇ ಕೊಡುತ್ತಿದ್ದರು. ಸೈಡರ್ ಚೆನ್ನಾಗಿರುವ ರೈತನ ಹತ್ತಿರ ಆಳು ನಿಲ್ಲುತ್ತಿದ್ದ. 1887ರಲ್ಲಿ ಕಾನೂನು ತಂದು ಹೊಲದ ಕೆಲಸದವರಿಗೆ ಸಂಬಳದ ಬದಲು ಹೆಂಡ ಕೊಡಬಾರದು ಅಂದರು. ತಮಾಷೆ ನೋಡಿ, ಅದೇ 1887ರಲ್ಲಿ ಹೆರೆಫರ್ಡ್‌ನಲ್ಲಿ ಪರ್ಸಿ ಬುಲ್ಮರ್ ಸೈಡರ್ ಕಂಪನಿ ಶುರು ಮಾಡಿದ. ಆಮೇಲೆ ಸೇಬು ನಿಧಾನಕ್ಕೆ ಫ್ಯಾಕ್ಟರಿಗೆ ಹೋಯಿತು. ಊರಿಂದ ಊರಿಗೆ ಗಾಡಿಯಲ್ಲಿ ಯಂತ್ರ ತಂದು ಅರೆದುಕೊಡುವವರೂ ಬಂದರು. ಕಲ್ಲಿನ ಗಾಣಗಳು ನಿಂತುಹೋದವು. ಅವರ ಹಳೇ ಕಾರ್ಖಾನೆಯಲ್ಲೇ ಈಗ ಸೈಡರ್ ಮ್ಯೂಸಿಯಂ ಇದೆ, ಈ ಕಡೆ ಬಂದರೆ ಹೇಳಿ, ಕರೆದುಕೊಂಡು ಹೋಗುತ್ತೇನೆ.

ಸುಮ್ನೆ_ಓದೋನು

ಎಲ್ಲಾ ಸರಿ, ಆದರೆ ಆಫೀಸ್ ರೂಮ್ ತಾನೇ ಬೇಕಿರೋದು? ಹಿತ್ತಲಲ್ಲಿ ಮರದ ರೆಡಿಮೇಡ್ ಕ್ಯಾಬಿನ್ ನಿಲ್ಲಿಸಿದರೆ ಎರಡು ದಿನದ ಕೆಲಸ. ಕುದುರೆ ಸುತ್ತಿದ ಜಾಗದಲ್ಲಿ ಕೂತು ಜೂಮ್ ಮೀಟಿಂಗ್ ಮಾಡಲೇಬೇಕಾ.

ಮಣ್ಣುಗೋಡೆ

ಪಟ್ಟಿಯಲ್ಲಿರುವ ಮನೆಯ ಹಿತ್ತಲಲ್ಲಿ ಕ್ಯಾಬಿನ್‌ಗೂ ಪರ್ಮಿಶನ್ ಕೇಳಬೇಕು ಸಾರ್. ತೊಲೆ ವಿಷಯ ಹೆರೆಫರ್ಡ್ ಅವರು ಸರಿಯಾಗಿ ಹೇಳಿದರು. ಗರಗಸ ಅದರ ಹತ್ತಿರ ಸುಳಿಯಬಾರದು.

ಡಾಕ್ಟ್ರಮ್ಮ

ಲೋಹದ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲವಲ್ಲ. ಮೆತ್ತಗೆ, ಬೂದು, ಗೀರಿದರೆ ಹೊಳಪು ಅಂದರೆ ಸೀಸ ಇರಬೇಕು. ಇದರ ಹಿಂದೆ ದೊಡ್ಡ ಕಥೆ ಇದೆ, ನಾವು ಕಾಲೇಜಿನಲ್ಲಿ ಓದಿದ್ದು.

ಹದಿನೆಂಟನೇ ಶತಮಾನದಲ್ಲಿ ಡೆವನ್‌ನಲ್ಲಿ ಪ್ರತಿ ವರ್ಷ ಸೇಬಿನ ಕಾಲ ಬಂದರೆ ಜನರಿಗೆ ಭಯಂಕರ ಹೊಟ್ಟೆನೋವು. ಜೋರಾದರೆ ಕೈ ಸೋತು ನೇತಾಡುವುದು, ಸಾಯುವುದೂ ಇತ್ತು. ಡೆವನ್ ಕಾಲಿಕ್ ಅಂತಲೇ ಹೆಸರು. ಸೇಬಿನ ಹುಳಿ ಜಾಸ್ತಿಯಾಗಿ ಹೀಗೆ ಅಂತ ಎಲ್ಲರೂ ಅಂದುಕೊಂಡಿದ್ದರು. ಡೆವನ್‌ನಲ್ಲೇ ಹುಟ್ಟಿದ ವೈದ್ಯ ಜಾರ್ಜ್ ಬೇಕರ್‌ಗೆ ಒಂದು ಅನುಮಾನ ಬಂತು: ಹೆರೆಫರ್ಡ್‌ಶೈರ್‌ನವರೂ ಸೈಡರ್ ಕುಡಿಯುತ್ತಾರೆ, ಅವರಿಗೆ ಯಾಕೆ ಈ ಕಾಯಿಲೆ ಇಲ್ಲ? ಹೋಗಿ ನೋಡಿದರೆ ಡೆವನ್‌ನ ಗಾಣಗಳಲ್ಲಿ ಕಲ್ಲಿನ ತುಂಡುಗಳನ್ನು ಸೀಸದಿಂದ ಬೆಸೆದಿದ್ದರು, ಕೆಲವು ಪ್ರೆಸ್ಸಿಗೂ ಸೀಸದ ಹಾಸು. ಹುಳಿ ರಸ ಸೀಸವನ್ನು ಕರಗಿಸಿಕೊಂಡು ಪೀಪಾಯಿಗೆ ಇಳಿಯುತ್ತಿತ್ತು. ಡೆವನ್ ಸೈಡರ್‌ನಲ್ಲಿ ಸೀಸ ಸಿಕ್ಕಿತು, ಹೆರೆಫರ್ಡ್‌ಶೈರ್‌ನದರಲ್ಲಿ ಸಿಗಲಿಲ್ಲ. 1767ರಲ್ಲಿ ಇದನ್ನು ಹೊರಗಿಟ್ಟ. ಊರಿನ ಸೈಡರ್‌ಗೆ ಕೆಟ್ಟ ಹೆಸರು ತಂದ ಅಂತ ಅವನ ಮೇಲೇ ಬೈಗುಳ ಬಿತ್ತು.

ಆದ್ದರಿಂದ ಉಗುರಲ್ಲಿ ಗೀರುವುದು ನಿಲ್ಲಿಸಿ, ಕೈ ತೊಳೆಯಿರಿ. ಸಾಣೆ ಕಾಗದ ಹಾಕಿ ಉಜ್ಜಬೇಡಿ, ಪುಡಿ ಒಳಗೆ ಹೋಗುವುದೇ ಅಪಾಯ. ಮಕ್ಕಳಿದ್ದರೆ ಹುಷಾರು. ಮುಟ್ಟದೆ ಹಾಗೇ ಬಿಟ್ಟರೆ ಅದು ಯಾರ ತಂಟೆಗೂ ಬರುವುದಿಲ್ಲ. ಮತ್ತೆ ಯಾರಾದರೂ ಉತ್ಸಾಹಕ್ಕೆ ಬಿದ್ದು ಆ ದೋಣಿಯಲ್ಲಿ ಸೇಬು ಅರೆದು ರಸ ಕುಡಿಯೋಣ ಅಂದರೆ ಬಾಗಿಲು ಹಾಕಿಕೊಳ್ಳಿ.

ಬಿಲ್ಬಾವೋ_ಬಾಸ್

ನಾನು ಸ್ಪೇನ್‌ನ ಬಾಸ್ಕ್ ನಾಡಿನಲ್ಲಿದ್ದೇನೆ, ಇಲ್ಲಿಯದೂ ಒಂದು ಹೇಳಿಬಿಡುತ್ತೇನೆ. ಗಿಪುಸ್ಕೋವಾದ ಎಸ್ಕಿಯೋದಲ್ಲಿ ಇಗಾರ್ತುಬೆಯ್ಟಿ ಅಂತ 16ನೇ ಶತಮಾನದ ರೈತರ ಮನೆ ಇದೆ, ಈಗ ಮ್ಯೂಸಿಯಂ. ಡೆವನ್‌ನಲ್ಲಿ ಸೈಡರ್‌ಗೆ ಬೇರೆ ಕಟ್ಟಡ. ಇಲ್ಲಿ ವಾಸದ ಮನೆಯೇ ಸೈಡರ್ ಯಂತ್ರ. ಮೇಲಿನ ಅಂತಸ್ತಿನಲ್ಲಿ ಉದ್ದಕ್ಕೂ ಭಾರೀ ಓಕ್ ತೊಲೆಯ ಪ್ರೆಸ್, ಅದನ್ನು ಹಿಡಿದಿರುವ ಕಂಬಗಳೇ ಮನೆಯನ್ನೂ ಹಿಡಿದಿವೆ. ತೊಲೆಯ ತುದಿಯಲ್ಲಿ ಮರದ ತಿರುಪು ಕೆಳಗಿನ ಅಂತಸ್ತಿಗೆ ಇಳಿದು ದೊಡ್ಡ ಕಲ್ಲಿಗೆ ಸೇರಿದೆ. ತಿರುಪು ತಿರುಗಿಸಿದರೆ ಕಲ್ಲು ನೆಲ ಬಿಟ್ಟು ಏಳುತ್ತದೆ, ಅದರ ಭಾರ ತೊಲೆಯನ್ನು ಕೆಳಗೆ ಜಗ್ಗುತ್ತದೆ. ಒಮ್ಮೆ ಕಲ್ಲು ಎದ್ದರೆ ಯಾರೂ ಹತ್ತಿರ ನಿಲ್ಲಬೇಕಿಲ್ಲ, ಅದರ ಪಾಡಿಗೆ ಅದು ಹಿಂಡುತ್ತಿರುತ್ತದೆ. ಮೊದಲು ಯಂತ್ರ ನಿಲ್ಲಿಸಿ ಆಮೇಲೆ ಸುತ್ತ ಮನೆ ಹೊದಿಸಿದ ಹಾಗಿದೆ. ಅಕ್ಟೋಬರ್ ಸುಮಾರಿಗೆ ಪ್ರೆಸ್ ಓಡಿಸಿ ತೋರಿಸುತ್ತಾರೆ, ನಾನು ಹೋಗಿದ್ದಾಗ ತೊಲೆ ಕಿರ್ ಅಂದ ಸದ್ದಿಗೆ ಮಗಳು ಹೆದರಿ ನನ್ನ ಕಾಲು ತಬ್ಬಿಕೊಂಡಳು.

ಶಿರಸಿ_ಟು_ಡೆವನ್

ಎಲ್ಲರಿಗೂ ಥ್ಯಾಂಕ್ಸ್. ಆರು ವಾರದ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ.

ಆ ಕಂಟ್ರಾಕ್ಟರ್‌ಗೆ ಬೇಡ ಅಂದೆ. ಮರದ ಕೊಡತಿಯಲ್ಲಿ ಗೋಡೆ ತಟ್ಟಿದೆ, ಗುಡ್ಡದ ಕಡೆ ಮೂರು ಮಾರು ಉದ್ದ ಡೊಳ್ಳು. ಮಣ್ಣುಗೋಡೆ ಅಣ್ಣ, ಬೆಟ್ ಗೆದ್ದಿರಿ. ಕಲ್ಲಿನ ಬುಡ ಅಲ್ಲಿ ಒಂದಡಿ ಹೂತುಹೋಗಿತ್ತು. ಎಂಜಿನಿಯರ್ ಬಂದು ಆಸರೆ ಕೊಡಿಸಿದರು, ನಾನು ಮತ್ತು ಹೆಂಡತಿ ಎರಡು ಭಾನುವಾರ ಅಗೆದು ಆ ಮಣ್ಣು ತೆಗೆದೆವು. ಕನ್ಸರ್ವೇಶನ್ ಆಫೀಸರ್ ಬಂದು ನೋಡಿದರು. ದೋಣಿ, ತೊಲೆ, ಅಟ್ಟದ ತೂತು ಯಾವುದನ್ನೂ ಮುಟ್ಟುವ ಹಾಗಿಲ್ಲ. ಅಟ್ಟದಲ್ಲಿ ಮೇಜು ಹಾಕಿಕೊಳ್ಳುವುದಕ್ಕೆ ಅರ್ಜಿ ಹಾಕು ಅಂದಿದ್ದಾರೆ. ತೂತಿನ ಮೇಲೆ ತೆಗೆದು ಹಾಕುವ ಹಲಗೆ ಇಟ್ಟರೆ ಸಾಕಂತೆ. ಗುಡ್ಡದ ಕಡೆ ಬಾಗಿಲಿನ ಗುರುತೂ ಸಿಕ್ಕಿತು, ಕಲ್ಲು ಇಟ್ಟು ಮುಚ್ಚಿದ್ದಾರೆ.

ಟೇಪ್ ಹಿಡಿದೂ ನೋಡಿದೆ. ದೋಣಿಯಿಂದ ಗೋಡೆಗೆ ಎಲ್ಲಾ ಕಡೆ ಹೆಚ್ಚು ಕಡಿಮೆ ಮೂರಡಿ, ಪ್ರೆಸ್ ಇರುವ ಕಡೆ ಮಾತ್ರ ಜಾಸ್ತಿ. ಗೋಡೆಯ ಒಳಮೈಯಲ್ಲಿ ನನ್ನ ಸೊಂಟದ ಎತ್ತರಕ್ಕೆ ಒಂದು ಪಟ್ಟಿ ನುಣ್ಣಗಿದೆ, ಎಣ್ಣೆ ಹಚ್ಚಿದ ಹಾಗೆ. ಕುದುರೆಯ ಮೈ ಉಜ್ಜಿ ಉಜ್ಜಿ ಆದದ್ದು ಅಂತ ಅಜ್ಜ ಹೇಳಿದರು. ಅದಕ್ಕೆ ಸುಣ್ಣ ಬಳಿಯುವುದಿಲ್ಲ ಅಂತ ತೀರ್ಮಾನ ಮಾಡಿದ್ದೇನೆ.

ಸಿಮೆಂಟನ್ನು ಎಂಜಿನಿಯರ್ ತೋರಿಸಿದ ಕಡೆ ಒಂದು ಗಜ ಬಿಡಿಸಿದ್ದಾರೆ. ಒಳಗಿಂದ ಉದುರಿದ ಮಣ್ಣನ್ನು ಎಸೆಯದೆ ಬಕೆಟ್‌ನಲ್ಲಿ ತುಂಬಿಟ್ಟಿದ್ದೇನೆ, ಅದರಲ್ಲಿ ಹಳೇ ಹುಲ್ಲಿನ ಎಳೆ ಇನ್ನೂ ಹಳದಿಯಾಗಿಯೇ ಇದೆ. ಇದನ್ನೇ ನೆನೆಸಿ ಮತ್ತೆ ಬಳಸಬಹುದಾ?

ಮಣ್ಣುಗೋಡೆ

ಧಾರಾಳವಾಗಿ. ಅದೇ ಮಣ್ಣು ಅದೇ ಗೋಡೆಗೆ ಹೊಂದುವ ಹಾಗೆ ಬೇರೆ ಯಾವುದೂ ಹೊಂದುವುದಿಲ್ಲ. ಹಳೇ ಕಾಬ್ ಪುಡಿ ಮಾಡಿ, ಕಲ್ಲು ಆರಿಸಬೇಡಿ, ಇರಲಿ. ಹೊಸ ಗೋಧಿ ಹುಲ್ಲು ಅಥವಾ ಬಾರ್ಲಿ ಹುಲ್ಲು ಸೇರಿಸಿ, ನೀರು ಸ್ವಲ್ಪ ಸ್ವಲ್ಪ ಹಾಕಿ. ಒಂದೇ ಸಲ ಸುರಿದರೆ ಸಾರು ಆಗುತ್ತದೆ. ಬಕೆಟ್‌ನಲ್ಲಿ ಕಲಸುವುದು ಬಿಟ್ಟು ಟಾರ್ಪಾಲ್ ಹಾಸಿ ತುಳಿಯಿರಿ. ಈ ಶನಿವಾರ ನನಗೆ ಬಿಡುವಿದೆ, ಗಮ್ ಬೂಟ್ ತಗೊಂಡು ಬರುತ್ತೇನೆ. ಮಧ್ಯಾಹ್ನದ ಊಟ ನಿಮ್ಮದು, ಅಪ್ಪೆಹುಳಿ ಇದ್ದರೆ ಇನ್ನೂ ಒಳ್ಳೆಯದು.